ನಾಲ್ಕು ಮೂಲೆಗೆ ಅರಿಶಿನ

೧ ಸೆಪ್ಟೆಂಬರ್ ೨೦೨೫, ಸೋಮವಾರ
ಟೋನಿಯ ಮೋಟೆಲ್, ಕ್ವಿಬೆಕ್, ಕೆನಡಾ

ಗಿರಿಜಕ್ಕಾ,

ನಿನ್ನೆ ಸಂಜೆ ಫೋನಿನಲ್ಲಿ ನಾನು ನಗುನಗುತ್ತ ಮಾತಾಡಿದ್ದು ಜಾನ್ವಿಗೋಸ್ಕರ. ನೀವು ಫೋನನ್ನು ಸ್ಪೀಕರಿಗೆ ಹಾಕುತ್ತೀರಿ, ಅವಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾಳೆ. ಬೈಕ್ ಕೆಟ್ಟಿದೆ, ಪಾರ್ಟ್ ಬರಬೇಕು, ಅಮ್ಮ ಬರುವುದು ತಡ ಅಂತ ಅವಳಿಗೆ ಹೇಳಿದ್ದೇನೆ, ನೀವೂ ಅದನ್ನೇ ಹೇಳಿ. ನನ್ನ ಮೊಬೈಲಿಗೆ ಇಲ್ಲಿ ಸಿಗ್ನಲ್ ಇಲ್ಲ. ಮೋಟೆಲಿನ ಆಫೀಸಿನ ಮುಂದಿನ ಬೆಂಚಿನಲ್ಲಿ ಕೂತರೆ ವೈಫೈ ಸ್ವಲ್ಪ ಸಿಗುತ್ತದೆ, ಮೇಲ್ ಹೋಗುತ್ತದೆ. ಬೈಯುವುದನ್ನೆಲ್ಲ ಇಲ್ಲಿ ಬೈಯುತ್ತೇನೆ. ಸಂಜೆ ಮೋಟೆಲಿನ ಫೋನಿನಲ್ಲಿ ನಗೋಣ.

ಬೈಕಿಗೆ ಏನೂ ಆಗಿಲ್ಲ. ಗದಗಿನ ಗ್ಯಾರೇಜಿನ ಚಂದ್ರಶೇಖರ ಮೇಸ್ತ್ರಿಯ ಮಗಳ ಬೈಕು ದಾರಿಯಲ್ಲಿ ಕೆಡುವುದಿಲ್ಲ. ಕೆಟ್ಟಿದ್ದು ಮನುಷ್ಯರು.

ಶನಿವಾರ ನಾವು ಆರು ಜನ ಬೈಕಿನಲ್ಲಿ ಕೆನಡಾದೊಳಕ್ಕೆ ಬರುವಾಗ ತೊಂದರೆ ಆಗಲಿಲ್ಲ, ನನಗೆ ವೀಸಾ ಇತ್ತು. ಮೇಯ್ನ್ ರಾಜ್ಯದ ತುದಿಯ ಕಾಡಿನಲ್ಲಿ ಎಪ್ಪತ್ತು ಮೈಲಿ ಮಣ್ಣುದಾರಿ, ಮರದ ಲಾರಿಗಳು ಮಾತ್ರ ಓಡಾಡುವಂಥದ್ದು. ಅದರ ಕೊನೆಗೆ ಒಂದು ಗೇಟು, ಒಂದು ಬಾವುಟ, ಒಬ್ಬ ಆಫೀಸರ್. ಬೆಳಗ್ಗೆ ಏಳಕ್ಕೆ ತೆರೆದು ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತಾರೆ. ಇಂಥ ಗೇಟೇ ಯಾಕೆ ಅಂದರೆ ನಿಮ್ಮ ಮನೆಯವರಿಗೆ, ಅಮರಣ್ಣನಿಗೆ, ಫೋಟೋ ಬೇಕಿತ್ತು. ‘ಇಂಥಾ ಕಡೆ ದೇಶ ದಾಟಿದ ಕನ್ನಡಿಗರು ಯಾರೂ ಇಲ್ಲವಾ, ನಾವ ಮೊದಲು’ ಅಂತ ಮೂರು ತಿಂಗಳಿಂದ ಕಿವಿ ತಿಂದಿದ್ದರಲ್ಲ. ಆ ಮಣ್ಣುದಾರಿಯಲ್ಲಿ ನಿಮ್ಮ ಯಜಮಾನರು ತಮ್ಮ ಜರ್ಮನ್ ಬೈಕನ್ನು ಎರಡು ಸಲ ಮಲಗಿಸಿದರು. ಎರಡು ಸಲವೂ ನಾನು ಮತ್ತು ಡಾಕ್ಟರ್ ಸತ್ಯನಾರಾಯಣ ಸೇರಿ ಎತ್ತಿದೆವು. ಉಳಿದವರು ನೀರು ಕುಡಿಯುತ್ತಿದ್ದರು.

ನಿನ್ನೆ ವಾಪಸ್ ಹೊರಟಾಗ ಆರೂ ಜನರ ಪಾಸ್‌ಪೋರ್ಟು ಅಮರಣ್ಣನ ಸೊಂಟದ ಪೌಚಿನಲ್ಲಿದ್ದವು. ದಿಬ್ಬಣದ ಯಜಮಾನನ ಹಾಗೆ ಎಲ್ಲರ ದಾಖಲೆಯನ್ನೂ ತಾವೇ ಇಟ್ಟುಕೊಳ್ಳುವುದು ಅವರ ಪದ್ಧತಿ. ಹೊರಡುವ ವಾರ ಮೊದಲೇ ವಸೂಲಿ ಮಾಡಿದ್ದರು. ಅವರು ಐದು ಜನ ಸಿಟಿಜನ್‌ಗಳು. ನಾನೊಬ್ಬಳೇ ಗ್ರೀನ್ ಕಾರ್ಡಿಗೆ ಹನ್ನೊಂದು ವರ್ಷದಿಂದ ಕಾಯುತ್ತಿರುವವಳು. ದೇಶ ಬಿಟ್ಟು ಹೋಗಿ ಮತ್ತೆ ಒಳಗೆ ಬರಲು ನನಗೆ ಅಡ್ವಾನ್ಸ್ ಪರೋಲ್ ಅನ್ನುವ ಒಂದು ಹಾಳೆ ಬೇಕು. ಆಫೀಸರ್ ಆ ಹಾಳೆಯನ್ನು ಹೆಬ್ಬೆರಳಿನಿಂದ ತಿಕ್ಕಿದ, ಬೆಳಕಿಗೆ ಹಿಡಿದ. ‘ಇದು ಕಲರ್ ಕಾಪಿ. ಒರಿಜಿನಲ್ ಎಲ್ಲಿ?’ ಅಂದ. ಬಗ್ಗಿ ನೋಡಿದೆ. ನಾಲ್ಕು ಮೂಲೆಯಲ್ಲೂ ಮಾಸಲು ಹಳದಿ ಹರಡಿತ್ತು, ಯಾವುದೋ ಕೆಟ್ಟ ಪ್ರಿಂಟರಿನ ಇಂಕು ಇರಬೇಕು. ನಾನು ಕೊಟ್ಟಿದ್ದು ಒರಿಜಿನಲ್, ಗಿರಿಜಕ್ಕಾ. ನಿಮ್ಮ ಡೈನಿಂಗ್ ಟೇಬಲ್ಲಿನ ಮೇಲೆ, ನಿಮ್ಮೆದುರಿಗೇ ಕೊಟ್ಟೆ.

ಅಮರಣ್ಣ ನನ್ನ ಕಡೆ ನೋಡಲಿಲ್ಲ. ‘ಲೇನ್ ಬ್ಲಾಕ್ ಆಗ್ತದ. ನಾವು ಮುಂದ ಹೋಗಿ ನಿಂತಿರ್ತೀವಿ, ನೀ ಮಾತಾಡಿ ಬಾರವಾ’ ಅಂದು ಗಾಡಿ ಹತ್ತಿದರು. ಲೇನಂತೆ! ಆ ಗೇಟಿಗೆ ದಿನಕ್ಕೆ ಹತ್ತು ಗಾಡಿ ಬಂದರೆ ಹೆಚ್ಚು. ಮೂರು ಗಂಟೆಗೆ ಗೇಟು ಮುಚ್ಚಿದಾಗ ಆಚೆ ಯಾರೂ ನಿಂತಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಥೂ.

ಆಫೀಸರನನ್ನು ದೂರುವುದಿಲ್ಲ. ಮರ್ಯಾದೆಯಿಂದ ಮಾತಾಡಿದ, ಒರಿಜಿನಲ್ ತಂದು ಇದೇ ಗೇಟಿಗೆ ಬಾ ಅಂದ. ಲಾಯರಿಗೆ ಮೇಲ್ ಹಾಕಿದೆ. ಇನ್ನೊಂದು ಪ್ರತಿ ಮಾಡಿಸಲು ತಿಂಗಳುಗಳೇ ಬೇಕಂತೆ. ಆ ಹಾಳೆಯ ಗಡುವು ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ. ಅಷ್ಟರೊಳಗೆ ಒಳಗೆ ಬರದಿದ್ದರೆ ಹನ್ನೊಂದು ವರ್ಷದ ಅರ್ಜಿ ಬಿದ್ದುಹೋಗುತ್ತದೆ, ಕೆಲಸವೂ ಹೋಗುತ್ತದೆ. ಜಾನ್ವಿ ಆ ಕಡೆ, ನಾನು ಈ ಕಡೆ. ಅವಳಪ್ಪ ಟೆಕ್ಸಾಸ್‌ನಲ್ಲಿ ಹೊಸ ಸಂಸಾರ ಹೂಡಿದವನು, ಈಗ ಫೋನನ್ನೂ ಎತ್ತುವುದಿಲ್ಲ.

ನಿಮ್ಮ ಮನೆಯನ್ನೊಮ್ಮೆ ಪೂರ್ತಿ ಹುಡುಕಿ ಅಕ್ಕಾ. ನನ್ನ ಮನೆಯ ಕೀಲಿಯೂ ನಿಮ್ಮ ಹತ್ತಿರವೇ ಇದೆ. ಸಿಕ್ಕ ತಕ್ಷಣ ಕೊರಿಯರ್ ಮಾಡಿ. ಅಮರಣ್ಣನಿಗೆ ನಾಲ್ಕು ಸಲ ಮೇಲ್ ಹಾಕಿದೆ, ಉತ್ತರವಿಲ್ಲ.

ವಿಜಿ


೨ ಸೆಪ್ಟೆಂಬರ್ ೨೦೨೫, ಮಂಗಳವಾರ
ಬ್ರಿಡ್ಜ್‌ವಾಟರ್, ನ್ಯೂಜೆರ್ಸಿ

ಪ್ರೀತಿಯ ವಿಜಿ,

ನಿನ್ನ ಪತ್ರ ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಹುಡುಕಿದೆ ತಂಗಿ. ಅವರ ಟೇಬಲ್, ಸ್ಕ್ಯಾನರ್, ಪೌಚು, ಸೂಟ್‌ಕೇಸುಗಳು, ಎಲ್ಲ ನೋಡಿದೆ. ದೇವರ ಕೋಣೆಯಲ್ಲೂ ನೋಡಿದೆ. ಗಣಪತಿಯನ್ನು ಇನ್ನೂ ಕದಲಿಸಿಲ್ಲ, ಶನಿವಾರ ಕನ್ನಡ ಸಂಘದ ಹಬ್ಬದಲ್ಲಿ ಎಲ್ಲರ ಗಣಪತಿಗಳ ಜೊತೆ ಬಿಡುವುದಂತೆ. ಕಾಗದ ಸಿಗಲಿಲ್ಲ. ಅವರನ್ನೂ ಕೇಳಿದೆ. ‘ಆಕಿ ಕೊಟ್ಟಿದ್ದ ಕಾಪಿ ಇರಬೇಕು. ನಾ ಕೊಟ್ಟಂಗ ಇಟ್ಟೀನಿ’ ಅಂದರು. ನೀನೂ ಆ ದಿನ ಅವಸರದಲ್ಲಿದ್ದೆ, ಜಾನ್ವಿಯನ್ನು ಈಜಿನ ಕ್ಲಾಸಿಗೆ ಬಿಡಬೇಕಿತ್ತು. ಒಮ್ಮೆ ಸಮಾಧಾನವಾಗಿ ನೆನಪು ಮಾಡಿಕೊ. ಅವರು ಗೇಟಿನ ಮುಂದೆ ಒಂದು ಗಂಟೆ ಕಾದರಂತೆ. ಕಾಡಿನಲ್ಲಿ ಕತ್ತಲಾದರೆ ಕರಡಿ ಬರುತ್ತವೆ ಅಂತ ಆಮೇಲೆ ಹೊರಟರಂತೆ. ಅವರ ಮೇಲೆ ಸಿಟ್ಟು ಮಾಡಬೇಡ.

ಜಾನ್ವಿಯ ಚಿಂತೆ ನಿನಗೆ ಬೇಡ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿ ಕೊಟ್ಟೆ. ‘ಕ್ಯಾನ್ ಐ ಹ್ಯಾವ್ ಒನ್ ಮೋರ್, ಆಂಟಿ?’ ಅಂದಳು. ರಾತ್ರಿ ಎರಡು ಜಡೆ ಹಾಕಿಸಿಕೊಂಡು ಮಲಗಿದಳು. ಮಕ್ಕಳಿಲ್ಲದ ಮನೆ ಇದು. ಬಾಗಿಲ ಹತ್ತಿರ ಅವಳ ಪುಟ್ಟ ಶೂ ನೋಡಿದಾಗಲೆಲ್ಲ ಒಂದು ಗಳಿಗೆ ನಿಂತುಬಿಡುತ್ತೇನೆ.

ಗುರುವಾರ ಶಾಲೆ ಶುರು. ನಾನೇ ಪ್ರಿನ್ಸ್‌ಟನ್‌ವರೆಗೆ ಡ್ರೈವ್ ಮಾಡಿ ಬಿಡುತ್ತೇನೆ, ಹೈವೇ ಬಿಟ್ಟು ಒಳದಾರಿಯಲ್ಲಿ. ೨೮೭ ಹೈವೇಗೆ ಮರ್ಜ್ ಆಗುವುದೆಂದರೆ ನನಗೆ ಈಗಲೂ ಭಯ, ಗೊತ್ತಲ್ಲ. ಅವಳ ಬಟ್ಟೆ ತರಲು ನಿನ್ನ ಮನೆಗೆ ಹೋದಾಗ ಅಲ್ಲೂ ಹುಡುಕುತ್ತೇನೆ. ಹೊಟ್ಟೆಗೆ ಏನಾದರೂ ತಿನ್ನುತ್ತಿರು.

ಗಿರಿಜಕ್ಕ


೪ ಸೆಪ್ಟೆಂಬರ್ ೨೦೨೫, ಗುರುವಾರ
ಟೋನಿಯ ಮೋಟೆಲ್

ಗಿರಿಜಕ್ಕಾ,

ಜಾನ್ವಿ ಹೊಸ ಬ್ಯಾಗು ಹಾಕಿಕೊಂಡು ಶಾಲೆಯ ಮುಂದೆ ನಿಂತ ಫೋಟೋ ಕಳಿಸಿದಿರಿ. ಪ್ರತಿ ವರ್ಷ ಆ ಫೋಟೋ ತೆಗೆಯುವವಳು ನಾನು. ಈ ವರ್ಷ ಬೆಂಚಿನ ಮೇಲೆ ಕೂತು ಅದು ಇಷ್ಟಿಷ್ಟೇ ಡೌನ್‌ಲೋಡ್ ಆಗುವುದನ್ನು ನೋಡಿದೆ. ಮೊದಲು ಹಣೆ ಬಂತು, ಆಮೇಲೆ ನಗು ಬಂತು.

ನೀವು ಬರೆದದ್ದನ್ನು ಓದಿ ಒಂದು ದಿನ ಪೂರ್ತಿ ನನ್ನ ಮೇಲೇ ಅನುಮಾನ ಬಂತು. ನಾನೇ ಕಾಪಿ ಕೊಟ್ಟೆನೇ? ಅವಸರ ಇತ್ತು ನಿಜ. ಆದರೆ ಆ ಹಾಳೆಯ ಕಾಪಿಯನ್ನು ನಾನು ಮಾಡಿಸಿಯೇ ಇಲ್ಲವಲ್ಲ ಅಂತ ನಿನ್ನೆ ಊಟ ಮಾಡುವಾಗ ನೆನಪಾಯಿತು. ಇಲ್ಲದ ಕಾಪಿಯನ್ನು ನಾನು ಎಲ್ಲಿಂದ ಕೊಡಲಿ?

ಒಂದು ಗಂಟೆ ಕಾದರಂತೆ! ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಅವರಿಗೆ ಕತ್ತಲಾಯಿತಂತೆ! ಕರಡಿಗೂ ಒಂದು ಮರ್ಯಾದೆ ಇರುತ್ತದೆ ಅಕ್ಕಾ, ಆ ಐದು ಜನರನ್ನು ಅದು ಮುಟ್ಟುತ್ತಿರಲಿಲ್ಲ.

ಫೋನಿನಲ್ಲಿ ನಮ್ಮ ಬೈಕ್ ತಂಡದ ‘ಗರುಡ ರೈಡರ್ಸ್’ ಗ್ರೂಪ್ ನೋಡಿದೆ. ಗೇಟಿನ ಮುಂದೆ ಐದು ಗಂಡಸರು ಎದೆ ಉಬ್ಬಿಸಿ ನಿಂತ ಫೋಟೋ, ಕೆಳಗೆ ‘ಗಡಿ ಗೆದ್ದ ಗಂಡುಗಲಿಗಳು’ ಅಂತ ಬರೆದಿದ್ದಾರೆ. ಆ ಫೋಟೋ ತೆಗೆದವಳು ನಾನು. ಯಾರೋ ಕೇಳಿದ್ದಾರೆ, ವಿಜಿ ಎಲ್ಲಿ ಅಂತ. ಅಮರಣ್ಣನ ಉತ್ತರ: ‘ವಿಜಿಯವರು ವೆಕೇಶನ್ ಎಕ್ಸ್‌ಟೆಂಡ್ ಮಾಡಿದ್ದಾರೆ.’ ಅದಕ್ಕೆ ಹತ್ತೊಂಬತ್ತು ಜನ ಹೆಬ್ಬೆರಳು ಎತ್ತಿದ್ದಾರೆ. ಡಾಕ್ಟರ್ ಸತ್ಯನಾರಾಯಣರ ಹೆಬ್ಬೆರಳೂ ಇದೆ. ಹೊರಡುವ ದಿನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಗಾಡಿಪೂಜೆ ಮಾಡಿಸಿದ್ದು ನೆನಪಿದೆಯಾ? ಆರು ಬೈಕಿನ ಚಕ್ರದಡಿ ನಿಂಬೆಹಣ್ಣು ಇಟ್ಟರು. ಐದು ಪಿಚಕ್ ಅಂದವು, ನನ್ನದು ಪಕ್ಕಕ್ಕೆ ಉರುಳಿತು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಇಲ್ಲಿ ಊರು ಅಂದರೆ ಮರ ಕೊಯ್ಯುವ ಒಂದು ಮಿಲ್ಲು, ಒಂದು ಇಗರ್ಜಿ, ಈ ಮೋಟೆಲು. ಗಾಳಿಯಲ್ಲೆಲ್ಲ ಒದ್ದೆ ಹೊಟ್ಟಿನ ವಾಸನೆ. ಮೋಟೆಲಿನ ಟೋನಿಗೆ ಫ್ರೆಂಚ್ ಬಿಟ್ಟರೆ ಹತ್ತು ಮಾತು ಇಂಗ್ಲಿಷ್ ಬರುತ್ತದೆ. ಅವನ ಹುಲ್ಲು ಕತ್ತರಿಸುವ ಮಷೀನು ಸತ್ತುಬಿದ್ದಿತ್ತು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ಸರಿ ಮಾಡಿ ಕೊಟ್ಟೆ. ಅಂದಿನಿಂದ ದಿನಾ ಬಟಾಣಿ ಸಾರು ತಂದಿಡುತ್ತಾನೆ. ಪರಿಚಯವೇ ಇಲ್ಲದವನು! ನನ್ನ ಜೊತೆ ಆರು ವರ್ಷ ಒಬ್ಬಟ್ಟು ತಿಂದವರು ನನ್ನನ್ನು ಗೇಟಿನಲ್ಲಿ ಬಿಟ್ಟು ಹೋದರು.

ಆಫೀಸಿನವರು ಹನ್ನೆರಡರವರೆಗೆ ರಜೆ ಕೊಟ್ಟಿದ್ದಾರೆ. ಶಾಲೆಯಿಂದ ಎಮರ್ಜೆನ್ಸಿ ಕಾಂಟ್ಯಾಕ್ಟ್ ಫಾರ್ಮ್ ಬರುತ್ತದೆ, ಹದಿನೈದರೊಳಗೆ ಕೊಡಬೇಕು. ಹೋದ ವರ್ಷದ್ದು ನನ್ನ ಫ್ರಿಜ್ಜಿನ ಮೇಲೆ ಅಂಟಿಸಿದೆ. ಅದರಲ್ಲಿ ನಿಮ್ಮ ಹೆಸರೇ ಇದೆ, ಈ ವರ್ಷವೂ ಅದೇ ಇರಲಿ. ನಾನು ಬಂದು ಸಹಿ ಹಾಕುತ್ತೇನೆ. ಇಡೀ ನ್ಯೂಜೆರ್ಸಿಯಲ್ಲಿ ನಿಮ್ಮೊಬ್ಬರ ಮೇಲೆ ಮಾತ್ರ ನನಗೆ ಹೇಸಿಗೆ ಬಂದಿಲ್ಲ.

ವಿಜಿ


೭ ಸೆಪ್ಟೆಂಬರ್ ೨೦೨೫, ಭಾನುವಾರ
ಬ್ರಿಡ್ಜ್‌ವಾಟರ್

ವಿಜಿ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನೆ ಸಂಘದ ಗಣೇಶನ ಹಬ್ಬ ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಮುನ್ನೂರು ಜನರಿಗೆ ಊಟ. ನಮ್ಮವರು ಅಧ್ಯಕ್ಷರಾಗಿ ಆಯ್ಕೆಯಾದರು. ಬೈಕ್ ಯಾತ್ರೆಯ ಸ್ಲೈಡ್ ಶೋ ಹಾಕಿದ್ದರು, ಜನ ಬಹಳ ಚಪ್ಪಾಳೆ ಹೊಡೆದರು. ಜಾನ್ವಿ ಪರದೆಯ ಮೇಲೆ ನಿನ್ನನ್ನು ಹುಡುಕುತ್ತಿದ್ದಳು. ‘ವೇರ್ ಈಸ್ ಅಮ್ಮಾ?’ ಅಂದಳು. ಫೋಟೋ ತೆಗೆದವಳೇ ಅಮ್ಮ ಅಂದೆ.

ಈ ದಿನ ನಿನ್ನ ಮನೆಗೆ ಹೋಗಿದ್ದೆ. ಸ್ವಲ್ಪ ಹೊತ್ತು ಇದ್ದೆ. ಅವಳ ಬಟ್ಟೆ ತಂದೆ.

ಅಲ್ಲಿ ಚಳಿ ಶುರುವಾಯಿತಾ? ನಿನ್ನ ದಪ್ಪ ಜಾಕೆಟ್ ಇಲ್ಲೇ ಇದೆ. ಧೈರ್ಯಗೆಡಬೇಡ ತಂಗಿ. ಗೌರಿ ಹಬ್ಬದ ದಿನ ಆ ಹಾಳೆಯ ನಾಲ್ಕು ಮೂಲೆಗೆ ನನ್ನ ಕೈಯಾರೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಈ ಹುಡುಗಿಯ ಗ್ರೀನ್ ಕಾರ್ಡ್ ಬೇಗ ಬರಲಿ ಅಂತ ಬೇಡಿಕೊಂಡಿದ್ದೇನೆ. ದೇವರು ಕೈಬಿಡುವುದಿಲ್ಲ.

ಗಿರಿಜಕ್ಕ


೮ ಸೆಪ್ಟೆಂಬರ್ ೨೦೨೫, ಸೋಮವಾರ
ಟೋನಿಯ ಮೋಟೆಲ್

ಗಿರಿಜಕ್ಕಾ,

ಅರಿಶಿನ.

ನಾನು ಅದನ್ನು ಇಂಕು ಅಂದುಕೊಂಡಿದ್ದೆ. ಆಫೀಸರನ ಕೈಯಲ್ಲಿದ್ದ ಕಾಪಿಯ ನಾಲ್ಕು ಮೂಲೆಯಲ್ಲೂ ಹಳದಿ ಇತ್ತು ಅಂತ ಮೊದಲ ಪತ್ರದಲ್ಲೇ ಬರೆದಿದ್ದೆ. ನೀವು ಎರಡು ಸಲ ಓದಿದೆ ಅಂದಿರಿ. ಹಾಗಾದರೆ ನಿಮಗೆ ಅವತ್ತೇ ಗೊತ್ತಾಗಿದೆ. ನೀವು ಅರಿಶಿನ ಹಚ್ಚಿದ್ದು ನನ್ನ ಒರಿಜಿನಲ್‌ಗೆ. ಅದನ್ನು ಕಾಪಿ ಮಾಡಿದ್ದು ಅರಿಶಿನ ಹಚ್ಚಿದ ಮೇಲೆ. ಅಂದರೆ ನಿಮ್ಮ ಮನೆಯಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುವವರು ಅಮರಣ್ಣ ಒಬ್ಬರೇ ಅಂದುಕೊಂಡಿದ್ದೆ. ಆ ಮನೆಯಲ್ಲಿ ಇಬ್ಬರಿದ್ದೀರಿ.

ಏಳು ದಿನ, ಗಿರಿಜಕ್ಕಾ. ದಿನಾ ಸಂಜೆ ಸ್ಪೀಕರಿನ ಪಕ್ಕ ಕೂತು ‘ಅಮ್ಮ ಬೇಗ ಬರ್ತಾಳ ಪುಟ್ಟಿ’ ಅಂದಿರಿ. ನನ್ನ ಮಗಳಿಗೆ ಜಡೆ ಹಾಕಿದ ಕೈಯಿಂದಲೇ ‘ದೇವರ ಕೋಣೆಯಲ್ಲೂ ನೋಡಿದೆ’ ಅಂತ ಬರೆದಿರಿ. ಅಮರಣ್ಣನದು ನನಗೆ ಹೇಸಿಗೆ ಮಾತ್ರ. ಉಗುಳಿದರೆ ಹೋಗುತ್ತದೆ. ನಿಮ್ಮದು ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಮಿಲ್ಲಿನ ಹಿಂದೆ ಮರ ಎಳೆಯುವ ಒಂದು ಹಳೆ ದಾರಿ ಇದೆ. ಅದರ ಕೊನೆಗೆ ಮೊಣಕಾಲುದ್ದದ ಗಡಿಕಲ್ಲು, ಒಂದು ಸಣ್ಣ ಚರಂಡಿ, ಆಚೆ ಅಮೆರಿಕ. ಗೇಟೂ ಇಲ್ಲ, ಬೇಲಿಯೂ ಇಲ್ಲ. ಗುರುವಾರದಿಂದ ದಿನಾ ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದೇನೆ. ಈ ದಿನ ಇಂಜಿನ್ ಆಫ್ ಮಾಡದೆ ಫಸ್ಟ್ ಗೇರಿನಲ್ಲಿ ಕ್ಲಚ್ ಹಿಡಿದು ನಿಂತಿದ್ದೆ. ಈ ಕಡೆಯ ಹುಲ್ಲೇ ಆ ಕಡೆಯೂ ಇತ್ತು. ನಾಲ್ಕು ಸೆಕೆಂಡಿನ ಕೆಲಸ. ಅಪ್ಪ ನನಗೆ ಹನ್ನೆರಡನೆಯ ವಯಸ್ಸಿಗೆ ಇದಕ್ಕಿಂತ ದೊಡ್ಡ ಚರಂಡಿ ಹಾರಿಸಿದ್ದರು. ದಾಟಿದರೆ ಮಗಳು ಸಿಗುತ್ತಾಳೆ, ಆದರೆ ಕಳ್ಳಿಯಾಗಿ. ಸಿಕ್ಕಿಬಿದ್ದರೆ ಮುಂದೆ ಎಂದೂ ಆ ದೇಶದೊಳಗೆ ಕಾಲಿಡಲಾರೆ. ಕ್ಲಚ್ ಬಿಡಲಿಲ್ಲ. ಕೈ ಮಾತ್ರ ಇನ್ನೂ ನೋಯುತ್ತಿದೆ.

ಶುಕ್ರವಾರ ಮೂರು ಗಂಟೆಗೆ ಗೇಟು ಮುಚ್ಚುತ್ತದೆ. ಅಲ್ಲಿಯವರೆಗೆ ಕಾಯುತ್ತೇನೆ. ಆಮೇಲೆ ಏನು ಮಾಡುತ್ತೇನೆ ಅಂತ ನನಗೇ ಗೊತ್ತಿಲ್ಲ. ಆ ಹಾಳೆ ಎಲ್ಲಿದೆ ಅಂತ ಒಂದೇ ಸಾಲು ಬರೆಯಿರಿ. ಹೊಟ್ಟೆಗೆ ತಿಂದೆಯಾ, ಚಳಿ ಇದೆಯಾ ಅಂತ ಕೇಳಬೇಡಿ.

ವಿಜಯಲಕ್ಷ್ಮಿ


೯ ಸೆಪ್ಟೆಂಬರ್ ೨೦೨೫, ಮಂಗಳವಾರ
ಬ್ರಿಡ್ಜ್‌ವಾಟರ್

ವಿಜಿ,

ಹಾಳೆ ನನ್ನ ವ್ಯಾನಿಟಿ ಬ್ಯಾಗಿನಲ್ಲಿದೆ.

ನೀನು ಕೊಟ್ಟ ಹಾಳೆಯನ್ನು ಗೌರಿ ಹಬ್ಬದ ದಿನ ದೇವರ ಮುಂದಿಟ್ಟೆ. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಮೂಲೆಗಳಿಗೆ ಅರಿಶಿನ ಹಚ್ಚಿದೆ. ಬೆರಳು ಒದ್ದೆ ಇತ್ತೇನೋ, ಸ್ವಲ್ಪ ಹರಡಿತು. ಅವರು ನೋಡಿ ಸಿಟ್ಟಾದರು. ‘ಸರ್ಕಾರದ ಕಾಗದಕ್ಕ ಯಾರರ ಅರಿಶಿಣ ಹಚ್ಚತಾರೇನ? ತಿದ್ದ್ಯಾರ ಅಂತ ಹಿಡೀತಾರ’ ಅಂದರು. ದಪ್ಪ ಕಾಗದದ ಮೇಲೆ ಕಲರ್ ಕಾಪಿ ಮಾಡಿಸಿ, ಹಳದಿಯನ್ನು ತಿಳಿ ಮಾಡಿಸಿ ತಂದರು. ಒರಿಜಿನಲ್ ಮನೆಯಲ್ಲೇ ಭದ್ರವಾಗಿರಲಿ, ಮಳೆಗಾಳಿಯಲ್ಲಿ ಯಾಕೆ ಅಂತ ಗಣಪತಿಯ ಮಣೆಯ ಕೆಳಗೆ ಇಟ್ಟರು. ಊರಲ್ಲಿದ್ದಾಗ ಎಲ್ಲೆಲ್ಲಿಗೂ ಝೆರಾಕ್ಸೇ ಒಯ್ದು ಅಭ್ಯಾಸ ಅಲ್ಲವೇ, ನನಗೂ ತಪ್ಪು ಅನ್ನಿಸಲಿಲ್ಲ. ನಿನಗೆ ಹೇಳಿದರೆ ಬೇಸರಪಟ್ಟೀಯೆ ಅಂತ ಇಬ್ಬರೂ ಹೇಳಲಿಲ್ಲ. ಅಲ್ಲಿಯವರೆಗೆ ಅದು ಮೂರ್ಖತನ. ಅಲ್ಲಿಂದ ಮುಂದೆ ಪಾಪ.

ನಿನ್ನ ಮೊದಲ ಪತ್ರ ಬಂದಾಗ ಮಣೆಯ ಕೆಳಗೆ ಕೈ ಹಾಕಿ ಹಾಳೆ ತೆಗೆದೆ. ಅವರು ಕೈ ಹಿಡಿದರು. ‘ಶನಿವಾರ ಮುಗೀಲಿ. ಅಧ್ಯಕ್ಷ ಆಗೋ ಮನಶಾ ಗಡಿಯೊಳಗ ನಕಲಿ ಕಾಗದ ಕೊಟ್ಟಾನ ಅಂತ ಗೊತ್ತಾದ್ರ ಯಾರು ಓಟು ಹಾಕ್ತಾರ? ಹನ್ನೆರಡರ ತನಕಾ ಟೈಮ್ ಐತಿ’ ಅಂದರು. ನಾನು ಒಪ್ಪಿದೆ ವಿಜಿ. ಸುಳ್ಳು ಬರೆದೆ.

ಶನಿವಾರ ಮುಗಿಯಿತು. ಭಾನುವಾರ ಅವರು ನಿನ್ನ ಮನೆಯ ಕೀಲಿಯನ್ನು ನನ್ನ ಮುಂದಿಟ್ಟರು. ‘ಆಕಿ ಡ್ರಾಯರಿನ್ಯಾಗ ಇಟ್ಟು, ಅಲ್ಲೇ ಸಿಕ್ತು ಅಂತ ಹೇಳಿಬಿಡು. ಯಾರ ತಲಿ ಮ್ಯಾಲೂ ಬರಂಗಿಲ್ಲ.’ ‘ಆಕಿ ತಲಿ ಮ್ಯಾಲ ಬರ್ತದಲ್ಲ?’ ಅಂದೆ. ‘ಆಕಿ ಒಂಟಿ ಹೆಣ್ಮಗಳು. ಕೇಳವರು ಯಾರು?’ ಅಂದರು. ಮೂವತ್ತೊಂದು ವರ್ಷದಿಂದ ಆ ಮನುಷ್ಯನಿಗೆ ಬಡಿಸಿದ್ದೇನೆ. ಆ ದಿನ ಅವರು ತಿಂದ ತಟ್ಟೆ ಮುಟ್ಟಲು ಅಸಹ್ಯವಾಯಿತು. ಆದರೂ ಹೋದೆ. ಇದನ್ನು ಕೇಳು, ಆದರೂ ಹೋದೆ. ನಿನ್ನ ಅಡುಗೆಮನೆಯ ಡ್ರಾಯರ್ ಎಳೆದೆ. ಪಕ್ಕದಲ್ಲಿ ಫ್ರಿಜ್ಜು, ಅದರ ಮೇಲೆ ಆ ಫಾರ್ಮು. ಅಮ್ಮ ಸಿಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಕಡೆ ನಿನ್ನ ಕೈಬರಹದಲ್ಲಿ ನನ್ನ ಹೆಸರು. ಡ್ರಾಯರ್ ಮುಚ್ಚಿ, ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು ಬಂದೆ. ಆಗಲೇ ಕೊರಿಯರ್ ಮಾಡಬಹುದಿತ್ತು. ಮಾಡಲಿಲ್ಲ, ಎಲ್ಲವನ್ನೂ ನಿನಗೆ ಹೇಳಬೇಕಾಗುತ್ತದಲ್ಲ ಅನ್ನುವ ಭಯಕ್ಕೆ.

ಇನ್ನೊಂದು ಮಾತು. ಇದನ್ನು ಅವರ ತಲೆಗೆ ಕಟ್ಟಲಾರೆ. ಜಾನ್ವಿ ಇನ್ನೊಂದು ದಿನ ಇರಲಿ ಅಂತ ನನಗೂ ಅನ್ನಿಸುತ್ತಿತ್ತು. ನೀನು ಅಲ್ಲಿ ಕೂತು ಅಳುತ್ತಿದ್ದರೆ ನಾನಿಲ್ಲಿ ಅವಳ ಜಡೆಗೆ ರಿಬ್ಬನ್ ಆರಿಸುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ.

ಕೊರಿಯರ್‌ನವರನ್ನು ಈಗ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ. ನಾಳೆ ಬೆಳಗ್ಗೆ ಜಾನ್ವಿಯನ್ನು ಕರೆದುಕೊಂಡು ಹೊರಡುತ್ತೇನೆ. ೨೮೭, ೯೫, ಆಮೇಲೆ ನಿನ್ನ ಮಣ್ಣುದಾರಿ. ಒಂದು ರಾತ್ರಿ ದಾರಿಯಲ್ಲಿ ತಂಗುತ್ತೇವೆ. ಗುರುವಾರ ಮೂರರೊಳಗೆ ಗೇಟಿನಲ್ಲಿರುತ್ತೇನೆ. ಆ ಚರಂಡಿಯ ಹತ್ತಿರ ಹೋಗಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಗಿರಿಜಾ


೧೪ ಸೆಪ್ಟೆಂಬರ್ ೨೦೨೫, ಭಾನುವಾರ
ಪ್ರಿನ್ಸ್‌ಟನ್, ನ್ಯೂಜೆರ್ಸಿ

ಗಿರಿಜಕ್ಕಾ,

ದಾರಿಯುದ್ದಕ್ಕೂ ನಾನು ನಿಮ್ಮ ಜೊತೆ ಮಾತಾಡಲಿಲ್ಲ. ಬೈಕಿನ ಮೇಲಿದ್ದವಳಿಗೆ ಅದು ಸುಲಭವಾಯಿತು. ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತೇನೆ, ಇದು ಕೊನೆಯ ಪತ್ರ.

ಗುರುವಾರ ಎರಡೂ ಇಪ್ಪತ್ತಕ್ಕೆ ಗೇಟಿನ ಆಚೆ ನಿಮ್ಮ ಕ್ಯಾಮ್ರಿ ಕಂಡಿತು. ಮೈಯೆಲ್ಲ ಮಣ್ಣು, ಮುಂದಿನ ಬಂಪರ್ ಒಂದು ಕಡೆ ಜೋತುಬಿದ್ದಿತ್ತು. ನೀವು ಹಾಳೆಯನ್ನು ಆಫೀಸಿನಲ್ಲಿ ಕೊಟ್ಟು ಹೊರಗೆ ಹೋಗಿ ಕಾರಿನ ಪಕ್ಕ ನಿಂತಿರಿ. ಆಮೇಲೆ ಒಳಗೆ ನಡೆದದ್ದು ನಿಮಗೆ ಗೊತ್ತಿಲ್ಲ. ಆಫೀಸರ್ ಹಾಳೆಯನ್ನು ತಿರುಗಿಸಿ ನೋಡಿದ, ಮೂಲೆಯನ್ನು ಮೂಸಿದ. ‘ಏನಿದು?’ ಅಂದ. ಟರ್ಮರಿಕ್ ಅಂದೆ. ‘ಓ, ನನ್ನ ಹೆಂಡತಿ ಮಂಡಿನೋವಿಗೆ ಇದನ್ನು ಹಾಲಿಗೆ ಹಾಕಿಕೊಂಡು ಕುಡಿಯುತ್ತಾಳೆ’ ಅಂದು ಮುದ್ರೆ ಒತ್ತಿದ. ಆರು ನಿಮಿಷ. ಅಮರಣ್ಣ ಆ ಅರಿಶಿನಕ್ಕೆ ಹೆದರಿ ಕಾಪಿ ಮಾಡಿಸಿದರು. ಆ ಕಾಪಿಯನ್ನು ಮುಚ್ಚಲು ನೀವಿಬ್ಬರೂ ಸೇರಿ ನನ್ನ ಹನ್ನೊಂದು ದಿನ ತಿಂದಿರಿ. ಆಫೀಸರನಿಗೆ ಅದು ಮಂಡಿನೋವಿನ ಔಷಧಿ.

ಜಾನ್ವಿ ಓಡಿಬಂದು ನನ್ನ ಜಾಕೆಟ್ಟಿನೊಳಗೆ ಮುಖ ಹುದುಗಿಸಿದಳು. ಬೈಕ್ ರಿಪೇರಿ ಆಯಿತು ಅಂತ ಹೇಳಲು ಬಾಯಿ ತೆರೆದೆ. ‘ಅಮ್ಮಾ, ಇಟ್ ವಾಸ್ ನೆವರ್ ಬ್ರೋಕನ್. ಐ ನ್ಯೂ’ ಅಂದಳು. ನಾವಿಬ್ಬರೂ ಸ್ಪೀಕರಿನ ಮುಂದೆ ನಗುತ್ತಿದ್ದಾಗಲೆಲ್ಲ ಅವಳಿಗೆ ಗೊತ್ತಿತ್ತು. ಅವಳೂ ನಮಗೋಸ್ಕರ ನಗುತ್ತಿದ್ದಳು. ಒಂಬತ್ತು ವರ್ಷದ ಮಗುವಿಗೆ ಇದನ್ನು ಕಲಿಸಿದ್ದೇವೆ, ನೀವು, ನಾನು ಇಬ್ಬರೂ. ನನ್ನ ಪಾಲನ್ನು ನಾನು ಅವಳ ಹತ್ತಿರ ಒಪ್ಪಿಕೊಂಡೆ. ನೀವು ದಾರಿಯುದ್ದಕ್ಕೂ ಅಳುತ್ತಾ ಡ್ರೈವ್ ಮಾಡಿದಿರಂತೆ, ಲಾರಿ ಬಂದಾಗಲೆಲ್ಲ ಶಿವಶಿವ ಅಂದಿರಂತೆ. ಅದನ್ನೂ ಹೇಳಿದಳು.

ನೀವು ಬಂದಿರಿ ನಿಜ. ಎಂಟು ದಿನ ತಡೆದು ಬಂದಿರಿ ಅನ್ನುವುದೂ ಅಷ್ಟೇ ನಿಜ. ಒಂದನ್ನು ಇನ್ನೊಂದರಿಂದ ಕಳೆಯಲು ನನಗೆ ಬರುವುದಿಲ್ಲ. ನಾನು ಆ ಚರಂಡಿ ದಾಟದೆ ಇದ್ದದ್ದು ನಿಮ್ಮ ಪತ್ರದಿಂದ ಅಲ್ಲ, ಅದು ಬರುವ ಮೊದಲೇ ಬೈಕ್ ತಿರುಗಿಸಿದ್ದೆ. ಇದು ನಿಮಗೆ ಗೊತ್ತಿರಲಿ.

ನಿನ್ನೆ ಬೆಳಗ್ಗೆ ಅಮರಣ್ಣ ಡಾಕ್ಟರ್ ಸತ್ಯನಾರಾಯಣರನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದರು. ಕೈಯಲ್ಲಿ ಹಣ್ಣಿನ ಬುಟ್ಟಿ. ‘ಅಂತೂ ಎಲ್ಲಾ ಸುಖಾಂತ ಆತಲ್ಲವಾ’ ಅಂದರು. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ನನಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರಂತೆ. ‘ಸಾಹಸಿ ಕನ್ನಡತಿ’ ಅಂತ ಬಿರುದೂ ಆರಿಸಿದ್ದಾರೆ. ಡಾಕ್ಟರರು ನೆಲ ನೋಡುತ್ತಿದ್ದರು. ನಾನು ಬೈಯಲೂ ಇಲ್ಲ. ಬಾಗಿಲು ಹಾಕಿದೆ. ಬುಟ್ಟಿ ಇನ್ನೂ ಹೊರಗೇ ಇದೆ, ಬಾಳೆಹಣ್ಣಿಗೆ ನೊಣ ಕೂತಿವೆ.

ಶಾಲೆಯ ಫಾರ್ಮ್ ಬಂದಿದೆ, ನಾಳೆ ಕೊನೆಯ ದಿನ. ‘ತಾಯಿ ಸಿಗದಿದ್ದರೆ’ ಅನ್ನುವ ಸಾಲಿನ ಮುಂದೆ ಈ ದಿನ ಒಂದು ಗಂಟೆ ಕೂತಿದ್ದೆ. ಆಫೀಸಿನಲ್ಲಿ ಪಕ್ಕ ಕೂರುವವಳ ಮನೆ ಎಲ್ಲಿದೆ ಅಂತ ಗೊತ್ತಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರ ಹೆಸರು ಗೊತ್ತಿಲ್ಲ. ಹದಿನಾಲ್ಕು ವರ್ಷ ಈ ದೇಶದಲ್ಲಿದ್ದು, ಆರು ವರ್ಷ ನಿಮ್ಮ ಸಂಘದ ಒಬ್ಬಟ್ಟು ತಿಂದು, ಆ ಸಾಲಿಗೆ ಇನ್ನೊಂದು ಹೆಸರು ನನ್ನ ಹತ್ತಿರ ಇಲ್ಲ. ಎಲ್ಲಕ್ಕಿಂತ ಹೆಚ್ಚಿನ ಹೇಸಿಗೆ ನನಗೆ ಅದರದು.

ನಿಮ್ಮ ಹೆಸರನ್ನೇ ಬರೆದೆ. ನಿಮ್ಮ ಮನೆಯ ಫೋನ್ ನಂಬರನ್ನು ಹೊಡೆದುಹಾಕಿ ನಿಮ್ಮ ಮೊಬೈಲ್ ನಂಬರ್ ಮಾತ್ರ ಉಳಿಸಿದ್ದೇನೆ. ಶಾಲೆಯವರು ಫೋನ್ ಮಾಡಿದರೆ ನೀವೇ ಎತ್ತಿ. ಯಾರನ್ನೂ ಕೇಳದೆ ಹೊರಡಿ.

ವಿಜಿ